ಪೇಟೆಂಟ್ ಬೇರೆ, ಟ್ರೇಡ್‌ಮಾರ್ಕ್ ಬೇರೆ: ಕರ್ನಾಟಕದ ಸಣ್ಣ ಕೈಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ



ಉಪ್ಪಿನಕಾಯಿ, ಚಟ್ನಿಪುಡಿ, ರೊಟ್ಟಿ ಮಾರುವ ಮಹಿಳೆಯರ ಗುಂಪೊಂದರ ಸರಕಿಗೆ ಪೇಟೆಯಲ್ಲಿ ಹೆಸರು ಬಂತೆನ್ನಿ. ಆಗ ನಾಲ್ಕೂ ಕಡೆಯಿಂದ ಬರುವ ಬುದ್ಧಿಮಾತು ಒಂದೇ: ‘ಬೇಗ ಪೇಟೆಂಟ್ ಮಾಡಿಸಿಬಿಡಿ.’ ಹೇಳುವವರದು ಒಳ್ಳೆಯ ಮನಸ್ಸು. ಆದರೆ ಅಜ್ಜಿಯ ಕಾಲದ ಚಟ್ನಿಪುಡಿಗೆ ಪೇಟೆಂಟ್ ಸಿಗುವುದಿಲ್ಲ. 1970ರ ಪೇಟೆಂಟ್ ಕಾಯ್ದೆ ಪಾರಂಪರಿಕ ತಿಳಿವಳಿಕೆಯನ್ನೂ ಬರಿಯ ಮಿಶ್ರಣವನ್ನೂ ಹೊರಗಿಟ್ಟಿದೆ. ಆ ಗುಂಪು ಕಾಪಾಡಿಕೊಳ್ಳಬೇಕಾದದ್ದು ಪೊಟ್ಟಣದ ಮೇಲಿನ ಹೆಸರನ್ನು. ಅದಕ್ಕಿರುವುದು ಟ್ರೇಡ್‌ಮಾರ್ಕ್.

ಈ ವ್ಯತ್ಯಾಸ ತಿಳಿಯಲು ಒಂದು ತಟ್ಟೆ ರವೆ ಇಡ್ಲಿ ಸಾಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿದ್ದು ತಾವೇ ಎಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ (ಎಂಟಿಆರ್) ಹೇಳಿಕೊಳ್ಳುತ್ತದೆ. ಇವತ್ತು ರವೆ ಇಡ್ಲಿ ಬೀದಿಗೊಂದು ದರ್ಶಿನಿಯಲ್ಲಿ ಬೇಯುತ್ತದೆ, ಯಾರ ಅಪ್ಪಣೆಯೂ ಬೇಕಿಲ್ಲ. ‘ಎಂಟಿಆರ್’ ಎಂದು ಬೋರ್ಡು ಬರೆಸುವ ಹಾಗೆ ಮಾತ್ರ ಇಲ್ಲ. 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಎಂಟಿಆರ್ ಫುಡ್ಸನ್ನು ಕೊಂಡಾಗ ಜನರಿಗೆ ಆ ಹೆಸರಿನ ಮೇಲಿದ್ದ ನಂಬಿಕೆಯೂ ಜೊತೆಗೇ ಹೋಯಿತು.

ಕಾನೂನಿನ ಲೆಕ್ಕವೂ ಕಷ್ಟದ್ದಲ್ಲ. ಪೇಟೆಂಟ್ ಹೊಸ ಆವಿಷ್ಕಾರಕ್ಕೆ. ಅರ್ಜಿ ಹಾಕಿದ ದಿನದಿಂದ 20 ವರ್ಷ, ಆಮೇಲೆ ಅದು ಎಲ್ಲರ ಸೊತ್ತು. ಟ್ರೇಡ್‌ಮಾರ್ಕ್ ಹೆಸರಿಗೆ, ಚಿಹ್ನೆಗೆ. 10 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಕೊನೆಯೇ ಇಲ್ಲ. ಗೊಂದಲಕ್ಕೆ ಪತ್ರಿಕೆಗಳ ಪಾಲೂ ಇದೆ. ಪೇಟೆಂಟ್, ಕಾಪಿರೈಟ್, ಟ್ರೇಡ್‌ಮಾರ್ಕ್ ಯಾವುದಾದರೂ ‘ಹಕ್ಕುಸ್ವಾಮ್ಯ’ ಎಂದು ಬರೆದು ಮುಗಿಸುವುದು ರೂಢಿಯಾಗಿದೆ.

ಯಂತ್ರ ಕಟ್ಟುವವರ ಪಾಡು ಇದಕ್ಕೆ ತಿರುವುಮುರುವು. ಅಡಿಕೆ ಸುಲಿಯುವುದಕ್ಕೋ ಕಳೆ ಕೀಳುವುದಕ್ಕೋ ನಿಜವಾಗಿಯೂ ಹೊಸದಾದ ಯಂತ್ರ ಮಾಡಿದ ವರ್ಕ್‌ಶಾಪಿನವರು ಅದನ್ನು ಮೊದಲು ಒಯ್ಯುವುದು ಮೇಳಕ್ಕೆ. ನಾಲ್ಕು ಜನ ನೋಡಿ ಮೆಚ್ಚುತ್ತಾರೆ, ವಿಡಿಯೊ ಹರಿದಾಡುತ್ತದೆ. ಪೇಟೆಂಟ್ ಕಚೇರಿಯ ಕಣ್ಣಿಗೆ ಆ ಯಂತ್ರ ಆಗಲೇ ಹಳತು. ಪ್ರದರ್ಶನದ ನಂತರವೂ 12 ತಿಂಗಳೊಳಗೆ ಅರ್ಜಿ ಹಾಕಬಹುದೆಂಬ ವಿನಾಯಿತಿ ಇರುವುದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ. ಮೇಳಕ್ಕೆ ಹೊರಡುವ ಮುನ್ನ ತಾತ್ಕಾಲಿಕ ವಿವರಣೆಯ ಅರ್ಜಿಯೊಂದನ್ನು ಹಾಕಿದ್ದರೆ ಪೂರ್ಣ ವಿವರಣೆ ಸಲ್ಲಿಸಲು ಒಂದು ವರ್ಷ ಸಿಗುತ್ತಿತ್ತು. ಈ ಮಾತು ಹೇಳುವವರೇ ಇಲ್ಲದೆ ವರ್ಷಗಳ ದುಡಿಮೆ ಒಂದೇ ಮಧ್ಯಾಹ್ನದಲ್ಲಿ ಕೈಬಿಟ್ಟುಹೋಗುವುದು ಸಂಕಟದ ಸಂಗತಿ.

ಹೆಸರಿನ ಜಗಳ ಎಷ್ಟು ದೂರ ಎಳೆಯುತ್ತದೆಂಬುದು ಸರ್ಕಾರಕ್ಕೆ ಗೊತ್ತಿರುವುದೇ. ‘ಕೆಎಸ್‌ಆರ್‌ಟಿಸಿ’ ಎಂಬ ಹ್ರಸ್ವನಾಮಕ್ಕಾಗಿ ಕರ್ನಾಟಕ, ಕೇರಳಗಳ ಸಾರಿಗೆ ನಿಗಮಗಳು ವರ್ಷಗಟ್ಟಲೆ ಸೆಣಸಿದವು; 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು. ವಕೀಲರ ಬಲವಿದ್ದ ನಿಗಮಗಳಿಗೇ ಇಷ್ಟು ಕಾಲ ಹಿಡಿದರೆ, ರೊಟ್ಟಿ ತಟ್ಟುವವರ ಗತಿಯೇನು? ನೋಂದಣಿ ಇಲ್ಲದಿದ್ದರೂ ಮೊದಲು ಬಳಸಿದವರಿಗೆ ಹಕ್ಕುಂಟು. ಅದನ್ನು ರುಜುವಾತು ಮಾಡಲು ಹಳೆಯ ಬಿಲ್ಲು, ಲೇಬಲ್ಲುಗಳು ಬೇಕು. ಅವನ್ನು ಎತ್ತಿಡಿ ಎಂದು ಅವರಿಗೆ ಯಾರು ಹೇಳಿದ್ದಾರೆ?

ಭಾಷೆಯ ತೊಡಕು ಬೇರೆ. ಪೇಟೆಂಟ್, ಟ್ರೇಡ್‌ಮಾರ್ಕ್ ಎರಡರ ಅರ್ಜಿಗಳೂ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು. ಕನ್ನಡ ಲಿಪಿಯ ಹೆಸರಾದರೆ ಅದರ ಲಿಪ್ಯಂತರ, ಅನುವಾದ ಎರಡನ್ನೂ ಕೊಡಬೇಕು. ಟ್ರೇಡ್‌ಮಾರ್ಕಿಗೆ 45 ವರ್ಗಗಳಿವೆ: ಉಪ್ಪಿನಕಾಯಿ 29ರಲ್ಲಿ, ಮಸಾಲೆ ಪುಡಿ ಮತ್ತು ರೊಟ್ಟಿ 30ರಲ್ಲಿ. ಆನ್‌ಲೈನ್ ಅರ್ಜಿಗೆ ವರ್ಗವೊಂದಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ 4,500 ರೂಪಾಯಿ, ಉಳಿದವರಿಗೆ 9,000. ತಪ್ಪು ವರ್ಗ ತುಂಬಿದರೆ ಆ ದುಡ್ಡು ನೀರಿಗೆ ಹಾಕಿದಂತೆ.

ಕಾಯ್ದೆ ಕೇಂದ್ರದ್ದು, ತಿದ್ದುವುದು ಸಚಿವರ ಕೈಯಲ್ಲಿಲ್ಲ. ಆದರೆ ಜಿಲ್ಲಾ ಕೈಗಾರಿಕಾ ಕೇಂದ್ರಗಳು ರಾಜ್ಯದವೇ. ಅಲ್ಲಿ ವಾರಕ್ಕೊಂದು ದಿನ ಬಲ್ಲವರೊಬ್ಬರನ್ನು ಕೂರಿಸಿ. ಬಂದವರಿಗೆ ಅವರು ಕನ್ನಡದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಚಿಕ್ಕದು: ‘ನೀವು ಹೊಸದೇನನ್ನಾದರೂ ಕಂಡುಹಿಡಿದಿದ್ದೀರೋ, ಅಥವಾ ನಿಮ್ಮ ಹೆಸರನ್ನು ಉಳಿಸಿಕೊಳ್ಳಬೇಕೋ?’ ಹಾಗೆಯೇ ಕೃಷಿ ವಿಶ್ವವಿದ್ಯಾಲಯಗಳ ಜೊತೆ ಮಾತಾಡಿ, ಮುಂದಿನ ಕೃಷಿಮೇಳದ ಮಳಿಗೆಯ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ: ಯಂತ್ರ ಹೊಸದಾಗಿದ್ದರೆ, ಪೇಟೆಂಟ್ ಅರ್ಜಿ ಹಾಕಿದ ಮೇಲೆ ತನ್ನಿ.