ಅಟ್ಟ ಸೇರಿದ ಪಿಟೀಲು

ನಮ್ಮ 'ಪಿಟೀಲು' ಎಂಬ ಪದ ಎಲ್ಲಿಂದ ಬಂತೆಂದು ಎಂದಾದರೂ ಯೋಚಿಸಿದ್ದೀರಾ? ಇಂಗ್ಲಿಷಿನ 'ಫಿಡ್ಲ್' ನಮ್ಮವರ ನಾಲಿಗೆಯ ಮೇಲೆ ಹೊರಳಿ ಪಿಟೀಲಾಯಿತು. ವಯೊಲಿನ್ ಬೇರೆ, ಫಿಡ್ಲ್ ಬೇರೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ, ವಾದ್ಯ ಒಂದೇ. ದೊಡ್ಡ ಸಭಾಂಗಣದಲ್ಲಿ ಕಾಗದ ನೋಡಿಕೊಂಡು ನುಡಿಸಿದರೆ ವಯೊಲಿನ್, ಹಳ್ಳಿಯ ಜಗಲಿಯಲ್ಲಿ ಕುಣಿಯುವವರಿಗಾಗಿ ನುಡಿಸಿದರೆ ಫಿಡ್ಲ್! ಅಲ್ಲಿಯ ಹಳ್ಳಿಗರ ಆ ಪದವನ್ನೇ ನಾವು ಏಳು ತಂತಿಯ ವಾದ್ಯ ರೂಪಿಸಿದ ಮಹಾ ವಿದ್ವಾಂಸರ ಹೆಸರಿಗೆ ಸೇರಿಸಿ 'ಪಿಟೀಲು ಚೌಡಯ್ಯ' ಎಂದು ಅಭಿಮಾನದಿಂದ ಕರೆದೆವು.

ಈ ಪಿಟೀಲಿನ ವಿಷಯ ಈಗೇಕೆ ಬಂತೆಂದರೆ, 2024ರ ಬೇಸಿಗೆ ರಜೆಯಲ್ಲಿ ನಾನು, ನನ್ನಾಕೆ ಇಬ್ಬರೂ ಮಗನನ್ನು ನೋಡಲು ಅಮೆರಿಕಕ್ಕೆ ಹೋಗಿದ್ದೆವು. ಅವನಿರುವುದು ಇಂಡಿಯಾನಾಪೊಲಿಸ್ ಎಂಬ ಊರಿನಲ್ಲಿ. ಹೋದ ಮೂರನೆಯ ದಿನ ಇಸ್ತ್ರಿ ಪೆಟ್ಟಿಗೆ ಹುಡುಕುತ್ತ ಅವನ ಬೀರು ತೆರೆದೆ. ಕೋಟುಗಳ ಹಿಂದೆ ಒಂದು ಕಪ್ಪು ಪೆಟ್ಟಿಗೆ ಇತ್ತು. ಅದರ ಆಕಾರ ನೋಡಿದರೆ ಒಳಗೇನಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಸದ್ದಿಲ್ಲದೆ ಬಾಗಿಲು ಮುಚ್ಚಿದೆ. ಏಕೆ ಮುಚ್ಚಿದೆ ಎಂಬುದನ್ನು ಮುಂದೆ ಹೇಳುತ್ತೇನೆ.

ಆ ವಾರವೇ ಮಗ, 'ಅಪ್ಪಾ, ಶನಿವಾರ ನ್ಯಾಶ್‌ವಿಲ್‌ಗೆ ಹೋಗೋಣ. ಹ್ಯಾಂಕ್ ವಿಲಿಯಮ್ಸ್ ನೆನಪಿನಲ್ಲಿ ಒಂದು ಹಾಡಿನ ಕಾರ್ಯಕ್ರಮ ಇದೆ' ಎಂದ. ನಮ್ಮಲ್ಲಿ ರಾಜ್‌ಕುಮಾರ್ ಹಾಡುಗಳ ರಸಮಂಜರಿ ಇಲ್ಲವೇ, ಅದೇ ರೀತಿ. ಹೋಗುವುದಕ್ಕೆ 290 ಮೈಲಿ, ಅಂದರೆ ಸುಮಾರು 465 ಕಿಲೋಮೀಟರ್. ಬರುವುದಕ್ಕೂ ಅಷ್ಟೇ. 'ಹಾಡು ಕೇಳೋಕೆ ಅಷ್ಟು ದೂರವೇ?' ಎನ್ನುತ್ತಲೇ ನನ್ನಾಕೆ ಪುಳಿಯೋಗರೆ, ಮೊಸರನ್ನ ಕಟ್ಟಿದಳು.

ಬೆಳಗಿನ ಐದಕ್ಕೆ ಹೊರಟೆವು. ಓಹಾಯೊ ನದಿಯ ಸೇತುವೆ ದಾಟಿದರೆ ಕೆಂಟಕಿ ರಾಜ್ಯ. ಅಲ್ಲಿಂದ ದಕ್ಷಿಣಕ್ಕೆ ಹೋದಂತೆ ನೆಲವೆಲ್ಲ ಸುಣ್ಣಕಲ್ಲು. ಮಳೆನೀರು ಗಾಳಿಯಲ್ಲಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತೀರ ದುರ್ಬಲ ಆಮ್ಲವಾಗುತ್ತದೆ. ಆ ಆಮ್ಲ ಲಕ್ಷಾಂತರ ವರ್ಷ ಸುಣ್ಣಕಲ್ಲನ್ನು ತಿಂದರೆ ಗುಹೆಗಳಾಗುತ್ತವೆ. ಈ ದಾರಿಯ ಪಕ್ಕದ ಮ್ಯಾಮತ್ ಗುಹೆ ಜಗತ್ತಿನಲ್ಲೇ ಅತಿ ಉದ್ದದ್ದು. ಈವರೆಗೆ ಅಳೆದಿರುವುದೇ 400 ಮೈಲಿಗೂ ಹೆಚ್ಚು. ಮುಂದೆ ಬೌಲಿಂಗ್ ಗ್ರೀನ್ ಎಂಬ ಊರಿನ ಕಾರುಗಳ ವಸ್ತುಸಂಗ್ರಹಾಲಯದಲ್ಲಿ 2014ರ ಫೆಬ್ರವರಿಯ ಒಂದು ಬೆಳಗಿನ ಜಾವ ನೆಲ ಕುಸಿದು ಎಂಟು ಕಾರುಗಳು ಗುಂಡಿಯೊಳಗೆ ಬಿದ್ದವು. ಮೇಲೆ ನುಣುಪಾದ ನೆಲ, ಅಡಿಯಲ್ಲಿ ಟೊಳ್ಳು. ಮನೆಗಳಲ್ಲೂ ಕೆಲವೊಮ್ಮೆ ಹೀಗಾಗುತ್ತದೆ ಎಂದು ಆಗ ನನಗೆ ಅನ್ನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ.

ದಾರಿಯ ಮಧ್ಯೆ ಕಾಲವಲಯವೂ ಬದಲಾಗುತ್ತದೆ. ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡು, ಐದು ಗಂಟೆ ಪ್ರಯಾಣ ಮಾಡಿಯೂ ಒಂಬತ್ತಕ್ಕೇ ನ್ಯಾಶ್‌ವಿಲ್ ತಲುಪಿದೆವು.

ಮೊದಲು ನೋಡಿದ್ದು ರೈಮನ್ ಸಭಾಂಗಣ. ಟಾಮ್ ರೈಮನ್ ಎಂಬ ಹಡಗುಗಳ ಒಡೆಯ ಧಾರ್ಮಿಕ ಪ್ರವಚನಗಳಿಗಾಗಿ ಕಟ್ಟಿಸಿದ್ದು. 1892ರಲ್ಲಿ ಬಾಗಿಲು ತೆರೆಯಿತು. ಇಂದಿಗೂ ಪ್ರೇಕ್ಷಕರು ಕೂರುವುದು ಚರ್ಚಿನಲ್ಲಿರುವಂಥ ಉದ್ದನೆಯ ಮರದ ಬೆಂಚುಗಳ ಮೇಲೆ. 1943ರಿಂದ 1974ರವರೆಗೆ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ರೇಡಿಯೋ ಕಾರ್ಯಕ್ರಮ ಪ್ರತಿವಾರ ಇಲ್ಲಿಂದಲೇ ಬಿತ್ತರವಾಗುತ್ತಿತ್ತು. ಆ ಕಾರ್ಯಕ್ರಮ ಹುಟ್ಟಿದ್ದು 1925ರ ನವೆಂಬರ್ 28ರಂದು. ಅಂದು ಮೈಕಿನ ಮುಂದೆ ಕೂತು ಪಿಟೀಲು ನುಡಿಸಿದವರು ಜಿಮ್ಮಿ ಥಾಮ್ಸನ್ ಎಂಬ 77 ವರ್ಷದ ಮುದುಕರು! 1974ರಲ್ಲಿ ಹೊಸ ಕಟ್ಟಡಕ್ಕೆ ಹೋಗುವಾಗ ರೈಮನ್ ವೇದಿಕೆಯಿಂದ ಆರಡಿ ಅಗಲದ ಒಂದು ಮರದ ವೃತ್ತವನ್ನು ಕತ್ತರಿಸಿ ಒಯ್ದು ಹೊಸ ವೇದಿಕೆಯ ನಡುವೆ ಕೂರಿಸಿದರು. ಹಳೆಯ ಮನೆಯ ಹೊಸ್ತಿಲನ್ನು ಹೊಸ ಮನೆಗೆ ಒಯ್ದ ಹಾಗೆ.

ಈ ಹ್ಯಾಂಕ್ ವಿಲಿಯಮ್ಸ್ ಯಾರು? 1923ರಲ್ಲಿ ಅಲಬಾಮಾ ರಾಜ್ಯದ ಹಳ್ಳಿಯೊಂದರಲ್ಲಿ ಹುಟ್ಟಿದ ಬಡವರ ಮನೆಯ ಹುಡುಗ. ಹುಟ್ಟಿನಿಂದಲೇ ಬೆನ್ನುಮೂಳೆಯ ದೋಷ. ಅವನಿಗೆ ಹಾಡು, ಗಿಟಾರು ಹೇಳಿಕೊಟ್ಟ ಗುರು ರೂಫಸ್ ಪೇನ್ ಎಂಬ ಕಪ್ಪು ಜನಾಂಗದ ಬೀದಿ ಗಾಯಕ. ಕಪ್ಪುಬಿಳುಪಿನ ಗೋಡೆ ಬಲವಾಗಿದ್ದ ಕಾಲದಲ್ಲಿ ಆ ಹುಡುಗ ಬೀದಿಯಲ್ಲಿ ಅವರ ಹಿಂದೆ ಹಿಂದೆ ತಿರುಗಿ, ಕೇಳಿ, ಅನುಕರಿಸಿ ಕಲಿತ. 1949ರ ಜೂನ್ 11ರಂದು ರೈಮನ್ ವೇದಿಕೆಯಲ್ಲಿ ಮೊದಲ ಬಾರಿ ಹಾಡಿದಾಗ ಜನ ಬಿಡದೆ ಮತ್ತೆ ಮತ್ತೆ ಹಾಡಿಸಿದರಂತೆ. ಆದರೆ ನೋವು, ಕುಡಿತ ಎರಡೂ ಅವನನ್ನು ಬಿಡಲಿಲ್ಲ. 1952ರಲ್ಲಿ ಅದೇ ಆಪ್ರಿ ಅವನನ್ನು ಹೊರಗೆ ಹಾಕಿತು. ಓಹಾಯೊದ ಒಂದು ಕಾರ್ಯಕ್ರಮಕ್ಕೆ ಹೋಗುತ್ತಿದ್ದಾಗ, 1953ರ ಹೊಸ ವರ್ಷದ ದಿನ, ಕಾರಿನ ಹಿಂದಿನ ಸೀಟಿನಲ್ಲೇ ಅವನ ಪ್ರಾಣ ಹೋಗಿತ್ತು. ವಯಸ್ಸು 29. ಮಕ್ಕಳೇ, ಆತನ ಹಾಡಿನಿಂದ ಕಲಿಯುವುದಿದೆ, ಆತನ ಬಾಳಿನಿಂದಲೂ ಕಲಿಯುವುದಿದೆ. ಎರಡೂ ಬೇರೆ ಬೇರೆ ಪಾಠಗಳು.

ಮಧ್ಯಾಹ್ನ ಎರಡಕ್ಕೆ ಕಾರ್ಯಕ್ರಮ. ಚಿಕ್ಕ ರಂಗಮಂದಿರ, ಇನ್ನೂರು ಜನ ಇದ್ದಿರಬಹುದು. ಹೆಚ್ಚಿನವರು ನನಗಿಂತ ಹಿರಿಯರು. ಹ್ಯಾಂಕ್ ತೊಡುತ್ತಿದ್ದಂಥ, ಸಂಗೀತದ ಚಿಹ್ನೆಗಳನ್ನು ಹೊಲಿದ ಬಿಳಿ ಸೂಟು ತೊಟ್ಟು ಗಾಯಕ ಬಂದ. ಮೊದಲ ಮಾತೇ, ತಾನು ಅವನಲ್ಲ, ಅವನಂತೆ ಆಗಲೂ ಸಾಧ್ಯವಿಲ್ಲ, ಅವನ ಹಾಡು ಮರೆಯಾಗದಿರಲಿ ಎಂದು ಬಂದಿದ್ದೇನೆ ಎಂದು. ನನಗೆ ಆ ಮಾತು ಹಿಡಿಸಿತು. 'ಕಾಪಿ ಹೊಡೆಯಬೇಡಿ' ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತ ಬಂದವನು ನಾನು. ಪರೀಕ್ಷೆಯಲ್ಲಿ ಅದು ಸರಿಯೇ. ಆದರೆ ಗುರು ಹಾಡಿದಂತೆ ಹಾಡು ಎನ್ನುವ ಸಂಗೀತದ ಪಾಠವೂ ಕಾಪಿಯೇ ಅಲ್ಲವೇ? ಒಂದು ಕಾಪಿಯಲ್ಲಿ ಕದಿಯುವುದಿದೆ, ಇನ್ನೊಂದರಲ್ಲಿ ತಲೆ ಬಾಗುವುದಿದೆ.

ಭಾಷೆ ಅರ್ಧ ತಿಳಿಯದಿದ್ದರೂ ವಾದ್ಯಗಳು ತಿಳಿದವು. ಸ್ಟೀಲ್ ಗಿಟಾರಿನಲ್ಲಿ ತಂತಿಯನ್ನು ಬೆರಳಿನಿಂದ ಒತ್ತುವುದಿಲ್ಲ. ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸುತ್ತಾರೆ. ತಂತಿಯ ಕಂಪಿಸುವ ಉದ್ದ ಸ್ವಲ್ಪಸ್ವಲ್ಪವೇ ಬದಲಾಗಿ ಸ್ವರದಿಂದ ಸ್ವರಕ್ಕೆ ನಾದ ಜಾರುತ್ತದೆ. ನಮ್ಮ ಗಮಕದ ನೆನಪು ಬರುತ್ತದೆ. ಹವಾಯಿ ದ್ವೀಪಗಳಲ್ಲಿ ಹುಟ್ಟಿದ ಈ ವಿದ್ಯೆ ನಮ್ಮ ದೇಶಕ್ಕೂ ಬಂದು, ವಿಶ್ವಮೋಹನ ಭಟ್ಟರ ಕೈಯಲ್ಲಿ ಮೋಹನವೀಣೆಯಾಗಿ, 1994ರಲ್ಲಿ ಅವರಿಗೆ ಗ್ರ್ಯಾಮಿ ಪ್ರಶಸ್ತಿ ತಂದಿತು.

ಇನ್ನು ಪಿಟೀಲು. ಕಮಾನಿನ ಕೂದಲಿಗೆ ರಾಳ ತಿಕ್ಕಿರುತ್ತಾರೆ. ಅದು ತಂತಿಯನ್ನು ಹಿಡಿದೆಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಹಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಸಲ ಈ ಹಿಡಿತ ಮತ್ತು ಜಾರುವಿಕೆ ನಡೆದಾಗಲೇ ನಾದ. ಇದರ ಗಣಿತವನ್ನು ಆಳವಾಗಿ ಶೋಧಿಸಿ 1918ರಲ್ಲಿ ಒಂದು ಪ್ರಬಂಧವನ್ನೇ ಪ್ರಕಟಿಸಿದವರು ನಮ್ಮ ಸರ್ ಸಿ.ವಿ. ರಾಮನ್. ಬೆಳಕಿನ ಸಂಶೋಧನೆಗೆ ನೊಬೆಲ್ ಬಂದದ್ದು ಆಮೇಲೆ, 1930ರಲ್ಲಿ.

ಇಷ್ಟೆಲ್ಲ ಬಲ್ಲ ನಾನು ಮನೆಯಲ್ಲಿ ಏನು ಮಾಡಿದ್ದೆ ಗೊತ್ತೇ? ಮಗ ಐದನೆಯ ತರಗತಿಯಿಂದ ಪಿಟೀಲು ಕಲಿಯುತ್ತಿದ್ದ. ಮೋಹನ ವರ್ಣದವರೆಗೆ ಬಂದಿದ್ದ. ಒಂಬತ್ತನೆಯ ತರಗತಿಯ ಅರ್ಧವಾರ್ಷಿಕದಲ್ಲಿ ಗಣಿತದ ಅಂಕ ಸ್ವಲ್ಪ ಇಳಿಯಿತು. ನಾನು ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದೆ. 'ಎಸ್ಸೆಸ್ಸೆಲ್ಸಿ ಮುಗಿಯಲಿ' ಎಂದೆ. ಆಮೇಲೆ 'ಪಿಯುಸಿ ಮುಗಿಯಲಿ' ಎಂದೆ. ಪಿಯುಸಿ ಮುಗಿದ ಮೇಲೆ ಇಳಿಸಿ ನೋಡಿದರೆ ಮೂರು ಮಳೆಗಾಲದ ತೇವಕ್ಕೆ ಅಂಟು ಬಿಟ್ಟು ಮೇಲಿನ ಹಲಗೆ ಬಾಯಿ ತೆರೆದಿತ್ತು. ತಂತಿಗಳಿಗೆ ತುಕ್ಕು. 'ರಿಪೇರಿ ಮಾಡಿಸೋಣ' ಎಂದೆ. 'ಬೇಡ ಬಿಡಿ ಅಪ್ಪ' ಎಂದ. ಕೋಪವಿರಲಿಲ್ಲ, ಬೇಸರವೂ ಇರಲಿಲ್ಲ. ನಾನು ಅದನ್ನು ಜವಾಬ್ದಾರಿ ಬಂದ ಲಕ್ಷಣ ಎಂದುಕೊಂಡೆ! ಅಂದಿನಿಂದ ಅವನು ನನ್ನೊಡನೆ ಅಂಕ, ಕೆಲಸ, ಸಂಬಳ ಬಿಟ್ಟು ಬೇರೆ ವಿಷಯ ಮಾತಾಡಿದ್ದು ಕಡಿಮೆ. ಬೀರುವಿನ ಬಾಗಿಲು ಸದ್ದಿಲ್ಲದೆ ಮುಚ್ಚಿದ್ದು ಅದಕ್ಕೇ.

ಕಾರ್ಯಕ್ರಮ ಮುಗಿದ ಮೇಲೆ ಊರ ದಕ್ಷಿಣಕ್ಕೆ ಹೋಗಿ ಡಬ್ಲ್ಯು.ಎಸ್.ಎಂ. ರೇಡಿಯೋ ಗೋಪುರ ನೋಡಿದೆವು. 1932ರಲ್ಲಿ ನಿಂತದ್ದು, ಈಗಿನ ಎತ್ತರ 808 ಅಡಿ. ನಡು ದಪ್ಪ, ಎರಡು ತುದಿಯೂ ಚೂಪು. ಈ ನಿಲಯವನ್ನು ಆರಂಭಿಸಿದ್ದು ಒಂದು ವಿಮಾ ಕಂಪನಿ. ಆಪ್ರಿ ಹುಟ್ಟಿದ್ದೂ ಈ ನಿಲಯದಲ್ಲೇ.

ಐದಕ್ಕೆ ಹಿಂತಿರುಗಿ ಹೊರಟೆವು. ಮಗ ಕಾರಿನ ರೇಡಿಯೋವನ್ನು 650 ಕಿಲೋಹರ್ಟ್ಸ್‌ಗೆ ತಿರುಗಿಸಿದ. ಆಪ್ರಿಯ ಶನಿವಾರದ ಬಿತ್ತರ ಇಂದಿಗೂ ಆ ನಿಲಯದಿಂದ ನಡೆಯುತ್ತದೆ. ಕೆಂಟಕಿಯ ಅರ್ಧ ದಾರಿಯಲ್ಲಿ ಸೂರ್ಯ ಇಳಿಯುತ್ತಿದ್ದಂತೆ ಹಾಡು ಒಮ್ಮೆ ಉಬ್ಬಿ ಬರುವುದು, ಒಮ್ಮೆ ಕರಗಿಹೋಗುವುದು. ಮಗ ಸ್ಟೇಷನ್ ಬದಲಿಸಲು ಕೈ ಚಾಚಿದ. 'ಇರು, ಇರು' ಎಂದೆ. ನನ್ನೊಳಗಿನ ಮೇಷ್ಟರು ಎಚ್ಚೆತ್ತಿದ್ದರು.

ಹಗಲಿನಲ್ಲಿ ಸೂರ್ಯನ ಕಿರಣಗಳಿಂದಾಗಿ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಅಯಾನುಗಳ ಒಂದು ಪದರ ಇರುತ್ತದೆ. ಅದಕ್ಕೆ 'ಡಿ' ಪದರ ಎಂದು ಹೆಸರು. ಮೇಲಕ್ಕೆ ಹೋಗುವ ಮಧ್ಯಮ ತರಂಗಗಳನ್ನು ಅದು ನುಂಗಿಬಿಡುತ್ತದೆ. ಆಗ ನಮಗೆ ಸಿಗುವುದು ನೆಲ ಹಿಡಿದು ಬರುವ ಅಲೆ ಮಾತ್ರ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಅಲೆಗಳು ಇನ್ನೂ ಮೇಲಿನ ಪದರಗಳನ್ನು ಮುಟ್ಟಿ ನೂರಾರು ಮೈಲಿ ದೂರಕ್ಕೆ ಮರಳಿ ಬರುತ್ತವೆ. ನೆಲದ ಅಲೆ, ಆಕಾಶದ ಅಲೆ ಎರಡೂ ಸೇರುವ ಜಾಗದಲ್ಲಿ ಒಮ್ಮೆ ಒಂದಕ್ಕೊಂದು ಕೂಡಿಕೊಂಡು ಸದ್ದು ಏರುತ್ತದೆ, ಒಮ್ಮೆ ಒಂದನ್ನೊಂದು ಅಳಿಸಿ ಇಳಿಯುತ್ತದೆ. ನಮ್ಮ ಮೈಸೂರಿನಲ್ಲಿ 1935ರಲ್ಲಿ ಗೋಪಾಲಸ್ವಾಮಿಯವರು ಆರಂಭಿಸಿದ ರೇಡಿಯೋಗೆ 'ಆಕಾಶವಾಣಿ' ಎಂದು ಹೆಸರಾಯಿತಲ್ಲ, ರಾತ್ರಿಯ ಮಟ್ಟಿಗೆ ಅದು ಅಕ್ಷರಶಃ ಸತ್ಯ!

ಎಲ್ಲ ಕೇಳಿಸಿಕೊಂಡ ಮಗ, 'ಹಾಗಾದರೆ ಇನ್ನೂ ಕತ್ತಲಾದರೆ ಚೆನ್ನಾಗಿ ಬರುತ್ತೆ ಅನ್ನಿ' ಎಂದ. 'ಹೌದು' ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಹಿಂದಿನ ಸೀಟಿನಲ್ಲಿ ನನ್ನಾಕೆ ತೂಕಡಿಸುತ್ತಿದ್ದಳು. ಕಣ್ಣು ರಸ್ತೆಯ ಮೇಲೇ ಇಟ್ಟು ಅವನು, 'ಅಪ್ಪಾ, ನಾನು ಎರಡು ವರ್ಷದಿಂದ ಮತ್ತೆ ಪಿಟೀಲು ಕಲೀತಿದೀನಿ. ಇಲ್ಲೊಬ್ಬರು ವಯಸ್ಸಾದವರು ಹೇಳಿಕೊಡ್ತಾರೆ' ಎಂದ. 'ಫೋನಿನಲ್ಲಿ ಹೇಳಬಹುದಿತ್ತಲ್ಲೋ' ಎಂದೆ. 'ಟೈಮ್ ವೇಸ್ಟು ಅಂತೀರೇನೋ ಅಂತ ಹೇಳಲಿಲ್ಲ' ಎಂದ.

ಇಪ್ಪತ್ತೆಂಟು ವರ್ಷದ ಮಗ, ಸ್ವಂತ ದುಡಿಮೆ, ಸ್ವಂತ ಮನೆ. ಆದರೂ ಪಿಟೀಲನ್ನು ಕೋಟಿನ ಹಿಂದೆ ಬಚ್ಚಿಟ್ಟಿದ್ದ. ಹಾಗಾದರೆ ನಾನು ಅಟ್ಟಕ್ಕೆ ಏರಿಸಿದ್ದು ಬರೀ ಮರ, ತಂತಿಗಳನ್ನಲ್ಲ. 'ತಪ್ಪು ನನ್ನದು ಕಣೋ' ಎಂದೆ. ಮಕ್ಕಳ ಮುಂದೆ ಆ ಮಾತು ಆಡಿ ನನಗೆ ಅಭ್ಯಾಸವಿಲ್ಲ. ಗಂಟಲು ಕಟ್ಟಿತು. ಅವನು ಏನೂ ಅನ್ನಲಿಲ್ಲ. ರೇಡಿಯೋ ಸ್ವಲ್ಪ ಜೋರು ಮಾಡಿದ. ಓಹಾಯೊ ನದಿ ದಾಟುವಾಗ ಪೂರ್ತಿ ಕತ್ತಲಾಗಿತ್ತು.

ಮರುದಿನ ಬೆಳಿಗ್ಗೆ ಕಾಫಿಯಾದ ಮೇಲೆ ಕೇಳದೆಯೇ ಪೆಟ್ಟಿಗೆ ಹೊರತೆಗೆದ. ಒಂದೆರಡು ಅಮೆರಿಕದ ಹಳ್ಳಿ ಮಟ್ಟುಗಳನ್ನು ನುಡಿಸಿದ. ಆ ಮಟ್ಟುಗಳಲ್ಲಿ ಸ, ರಿ, ಗ, ಪ, ದ ಎಂಬ ನಮ್ಮ ಮೋಹನದ ಐದು ಸ್ವರಗಳೇ ಮತ್ತೆ ಮತ್ತೆ ಬರುತ್ತಿದ್ದವು. ಹಾಗೆಯೇ ಜಾರಿ ಮೋಹನ ವರ್ಣದ ಪಲ್ಲವಿಗೆ ಬಂದ. ಅನುಪಲ್ಲವಿಯ ನಡುವೆ ಕಮಾನು ನಿಂತಿತು. 'ಇಷ್ಟೇ ಬರೋದು. ಇಲ್ಲಿಗೇ ನಿಂತಿತ್ತು' ಎಂದ. ಅವನ ತಾಯಿ ಅಡುಗೆಮನೆಯಿಂದಲೇ ಮುಂದಿನ ಸಾಲಿನ ಸ್ವರ ಗುನುಗಿದಳು. ಹದಿಮೂರು ವರ್ಷ ಅವಳು ಅದನ್ನು ಮರೆತಿರಲಿಲ್ಲ.

ತಂದೆತಾಯಿಗಳೇ, ಹತ್ತನೆಯ ತರಗತಿ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ನಾನೂ ಮೇಷ್ಟರೇ. ಆದರೆ ದಿನಕ್ಕೆ ಅರ್ಧ ಗಂಟೆಯ ಹಾಡು, ಆಟ, ಚಿತ್ರದಿಂದ ಯಾವ ಮಗುವಿನ ವಿದ್ಯೆಯೂ ಮುಳುಗುವುದಿಲ್ಲ. ಅಂಕ ಇಳಿದರೆ ಏಕೆ ಇಳಿಯಿತೆಂದು ಮಗುವಿನ ಜೊತೆ ಕೂತು ನೋಡಿ. ನನ್ನ ಮಗನಿಗೆ ಅರ್ಥವಾಗದೇ ಇದ್ದದ್ದು ಬೀಜಗಣಿತದ ಒಂದೇ ಒಂದು ಅಧ್ಯಾಯ. ಹೇಳಿಕೊಟ್ಟಿದ್ದರೆ ಎರಡು ದಿನದ ಕೆಲಸ. ಅಟ್ಟಕ್ಕೆ ಏಣಿ ಹಾಕುವುದು ಅದಕ್ಕಿಂತ ಸುಲಭವಾಗಿ ಕಂಡಿತು!

ವಿದ್ಯಾರ್ಥಿಗಳೇ, ಇದನ್ನು ಅಪ್ಪನಿಗೆ ತೋರಿಸಿ 'ಓದುವುದಿಲ್ಲ' ಎಂದೀರಿ ಜೋಕೆ. ಅರ್ಧ ಗಂಟೆ ಎಂದರೆ ಅರ್ಧ ಗಂಟೆಯೇ. ಈ ವಾರ ಒಂದು ಪ್ರಯೋಗ ಮಾಡಿ. ಮನೆಯಲ್ಲಿ ಹಳೆಯ ಮೀಡಿಯಂ ವೇವ್ ರೇಡಿಯೋ ಇದ್ದರೆ ಮಧ್ಯಾಹ್ನ ಎಷ್ಟು ನಿಲಯ ಸಿಗುತ್ತವೆ, ರಾತ್ರಿ ಒಂಬತ್ತಕ್ಕೆ ಎಷ್ಟು ಸಿಗುತ್ತವೆ ಎಂದು ಬರೆದಿಡಿ. ಸಾಧ್ಯವಾದರೆ ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕತ್ತಲಾದ ಮೇಲೆ ದೂರದ ದನಿಗಳು ಚೆನ್ನಾಗಿ ಕೇಳುತ್ತವೆ.