ಪಾಯಿಂಟ್ ಸುಟ್ಟರೆ ಕಂಡೆನ್ಸರ್ ಕೇಳ್ರಿ

ಬೈಲಹೊಂಗಲದಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಮನೆಮಂದಿಯನ್ನೆಲ್ಲ ಹೊತ್ತೊಯ್ದ ಅಜ್ಜನ ಅಂಬಾಸಿಡರ್ ಈಗ ಸೆಲ್ಫ್ ಹೊಡೆದರೂ ಚಾಲೂ ಆಗಲ್ಲ. ಕೂಡಲೇ "ಗುಜರಿಗೆ ಹಾಕ್ರಿ" ಅಂತಾರೆ. ಸ್ವಲ್ಪ ತಡೀರಿ. ಇದಕ್ಕೆ ಲ್ಯಾಪ್‌ಟಾಪ್ ಹಚ್ಚೋ ಪೋರ್ಟ್ ಇಲ್ಲ, ಆದರೆ ಒಂದು ಸಣ್ಣ ಬಲ್ಬ್ ಸಾಕು.

ಬ್ಯಾಟರಿಯ 12 ವೋಲ್ಟ್ ಕರೆಂಟ್ ಕೀಲಿಯಿಂದ ಕಾಯಿಲ್‌ಗೆ, ಅಲ್ಲಿಂದ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗೆ, ಅಲ್ಲಿಂದ ಬಾಡಿ ಅರ್ಥ್‌ಗೆ ಹೋಗುತ್ತದೆ. ಪಾಯಿಂಟ್ ಕೂಡಿದಾಗ ಕಾಯಿಲ್ ಅಯಸ್ಕಾಂತ ಆಗುತ್ತದೆ. ಕ್ಯಾಮ್ ತಿರುಗಿ ಪಾಯಿಂಟ್ ಬಿಚ್ಚಿದ ಕ್ಷಣ ಆ ಶಕ್ತಿ ಕುಸಿದು ಸಾವಿರಾರು ವೋಲ್ಟ್ ಹುಟ್ಟುತ್ತದೆ; ರೋಟರ್ ಅದನ್ನು ಸರದಿಯ ಪ್ಲಗ್‌ಗೆ ಹಂಚುತ್ತದೆ. ಚಾರ್ಲ್ಸ್ ಕೆಟರಿಂಗ್ 1910ರ ಕ್ಯಾಡಿಲಾಕ್ ಕಾರಿಗೆ ಕೊಟ್ಟ ಉಪಾಯವೇ ಇದು. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಾಯಿಂಟ್ ಸೆಕೆಂಡಿಗೆ 100 ಸಲ ಬಿಚ್ಚಬೇಕು!

ಈಗ ಪರೀಕ್ಷೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವಾಯರಿನ ತುದಿಗೂ ಬಾಡಿಗೂ ನಡುವೆ 12 ವೋಲ್ಟಿನ ಸಣ್ಣ ಬಲ್ಬ್ ಹಚ್ಚಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ.

• ಬಲ್ಬ್ ಮಿಣುಕಿದರೆ ಪಾಯಿಂಟ್ ಕೆಲಸ ಮಾಡ್ತಿದೆ. ಮುಂದೆ ಕಂಡೆನ್ಸರ್, ರೋಟರ್, ಪ್ಲಗ್ ನೋಡಿ.
• ಹತ್ತಿದ್ದು ಹತ್ತಿದಂಗೇ ಇದ್ದರೆ ಪಾಯಿಂಟ್ ಕೂಡ್ತಿಲ್ಲ, ಇಲ್ಲಾ ಮಸಿ ಹಿಡಿದಿದೆ, ಇಲ್ಲಾ ವಾಯರ್ ಕಡಿದಿದೆ.
• ಹತ್ತಲೇ ಇಲ್ಲ ಅಂದ್ರೆ ಕಾಯಿಲ್‌ವರೆಗೆ ಕರೆಂಟ್ ಬರ್ತಿಲ್ಲ, ಇಲ್ಲಾ ಪಾಯಿಂಟ್ ಬಿಚ್ಚುತ್ತಿಲ್ಲ, ಇಲ್ಲಾ ಕಂಡೆನ್ಸರ್ ಶಾರ್ಟ್ ಆಗಿದೆ.

ಹೊಸ ಪಾಯಿಂಟ್ ಹಾಕಿದರೂ ಮತ್ತೆ ಮತ್ತೆ ಸುಡ್ತಿದ್ರೆ ಪಾಯಿಂಟ್ ಬೈಯಬೇಡಿ. ಅದು ಬಿಚ್ಚುವಾಗ ಕಿಡಿ ಹಾರದಂತೆ ಕರೆಂಟ್ ನುಂಗುವುದು ಪಕ್ಕದ ಪುಟ್ಟ ಕಂಡೆನ್ಸರ್. ಅದು ಸತ್ತರೆ ಪಾಯಿಂಟ್ ಸುಡುತ್ತದೆ, ಪ್ಲಗ್‌ನ ಕಿಡಿಯೂ ಸೊರಗುತ್ತದೆ. ಎರಡನ್ನೂ ಜೋಡಿಯಾಗೇ ಬದಲಿಸಿ. ಪಾಯಿಂಟ್ ಪೂರ್ತಿ ಬಿಚ್ಚಿದಾಗ ಸಂದು ಸುಮಾರು 0.4 ಮಿ.ಮೀ. ಇರಲಿ; ಫೀಲರ್ ಗೇಜ್ ಬಳಸಿ, ನಿಮ್ಮ ಗಾಡಿಯ ಪುಸ್ತಕದ ಅಳತೆಯೇ ಕೊನೆ ಮಾತು.

ಎರಡು ಎಚ್ಚರಿಕೆ: ಎಂಜಿನ್ ನಿಂತಾಗ ಕೀಲಿ ಆನ್ ಬಿಡಬೇಡಿ, ಕಾಯಿಲ್ ಕಾದು ಸುಟ್ಟೀತು. ಪ್ಲಗ್ ವಾಯರ್ ಕೈಯಲ್ಲಿ ಹಿಡಿದು ಕಿಡಿ ನೋಡಬೇಡಿ.

ಕಿತ್ತೂರು, ರಾಮದುರ್ಗದ ಕಡೆ ಪಾಯಿಂಟ್ ಕೂರಿಸಬಲ್ಲ ಹಳೇ ಮೇಸ್ತ್ರಿ ಸಿಕ್ಕರೆ ಪಕ್ಕದಲ್ಲಿ ನಿಂತು ಕಲೀರಿ. ಗುಜರಿ ಮಾತು ಆಮೇಲೆ.