ಕಾರ್ಡಿಗೆ ಸಿಕ್ಕ ಕಾವಲು

1997ರ ಆಗಸ್ಟ್‌ನಲ್ಲಿ ಚಾಮರಾಜನಗರ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ, ಇಲ್ಲಿನ ಅಂಗಡಿಗಳಿಗೆ ಗಿರಾಕಿಯ ಬಗ್ಗೆ ಗೊತ್ತಿದ್ದದ್ದೆಲ್ಲ ಉದ್ರಿ ಪುಸ್ತಕದಲ್ಲಿತ್ತು. ಹೆಸರು, ಊರು, ಅಪ್ಪನ ಹೆಸರು, ಅರಿಸಿನ ಮಾರಿ ತೀರಿಸಬೇಕಾದ ಬಾಕಿ. ತೀರಿದರೆ ಅದರ ಮೇಲೊಂದು ಅಡ್ಡಗೆರೆ. ಆ ಪುಸ್ತಕವನ್ನು ಹೊಗಳಬೇಕಾಗಿಲ್ಲ, ಅದು ಎಷ್ಟೋ ಮನೆಗಳ ಮಾನವನ್ನು ಬೀದಿಗೆ ತಂದಿತ್ತು. ಆದರೂ ಅದು ಗಲ್ಲಾಪೆಟ್ಟಿಗೆ ಬಿಟ್ಟು ಬೇರೆ ಊರಿಗೆ ಹೋಗುತ್ತಿರಲಿಲ್ಲ, ಸಾಹುಕಾರರ ಮನೆ ಎಲ್ಲಿದೆ ಎಂಬುದು ಗಿರಾಕಿಗೂ ಗೊತ್ತಿತ್ತು. ಊಟಿಗೂ ವಯನಾಡಿಗೂ ದಾರಿ ಕವಲೊಡೆಯುವ ಗುಂಡ್ಲುಪೇಟೆಗೆ ಕಾರ್ಡು ಬಂದದ್ದು ಬಹುಮಟ್ಟಿಗೆ ಪ್ರವಾಸಿಗರ ಜೇಬಿನಲ್ಲಿ. ಕಾರಿನಲ್ಲಿ ಕೂತವರ ಕಾರ್ಡನ್ನು ಬಂಕಿನ ಹುಡುಗ ಒಳಗೆ ಒಯ್ದು ಉಜ್ಜಿ ತರುತ್ತಿದ್ದ ಕಾಲ ನೆನಪಿದೆಯಲ್ಲ? ಡೆಬಿಟ್ ಕಾರ್ಡಿಗೆ ಅಂಗಡಿಯಲ್ಲೂ ಪಿನ್ ಕಡ್ಡಾಯವಾದದ್ದು 2013ರ ಡಿಸೆಂಬರ್‌ನಲ್ಲಿ. ಅಲ್ಲಿಯವರೆಗೆ ಹೆಬ್ಬೆಟ್ಟಿಗಿಂತ ತುಸು ಮೇಲಾದ ಒಂದು ಸಹಿಯೇ ಕಾವಲು.

2016ರ ಅಕ್ಟೋಬರ್‌ನಲ್ಲಿ ದೇಶದ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಸೋರಿದ ಸುದ್ದಿ ಬಂತು. ಅದರ ಬಿಸಿ ಆರುವ ಮೊದಲೇ, ನವೆಂಬರ್ 8ರಂದು ನೋಟು ರದ್ದಾಗಿ, ಅದೇ ಕಾರ್ಡನ್ನು ಎಲ್ಲೆಲ್ಲೂ ಉಜ್ಜಿ ಎಂಬ ಉಪದೇಶವೂ ಬಂತು. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪಾವತಿ ಸಂಸ್ಥೆ ಜಸ್‌ಪೇಯಿಂದ ಕೋಟಿಗಟ್ಟಲೆ ದಾಖಲೆ ಸೋರಿತು. ಜನರಿಗೆ ತಿಳಿದದ್ದು ಮರುವರ್ಷದ ಜನವರಿಯಲ್ಲಿ. ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆ ಇಟ್ಟುಕೊಳ್ಳಕೂಡದು ಎಂದು ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲೇ ಹೇಳಿತ್ತು. ಗಡುವು ಮತ್ತೆ ಮತ್ತೆ ಮುಂದೆ ಹೋಗಿ, ಕೊನೆಗೆ 2022ರ ಅಕ್ಟೋಬರ್ 1ರಿಂದ ಮಾತು ಜಾರಿಗೆ ಬಂತು. ಈಗ ಅಸಲಿ ಸಂಖ್ಯೆಯ ಬದಲು ಒಂದು ಟೋಕನ್. ಲೆಕ್ಕ ತಾಳೆ ನೋಡಲು ಕೊನೆಯ ನಾಲ್ಕು ಅಂಕಿ, ಬ್ಯಾಂಕಿನ ಹೆಸರು, ಅಷ್ಟೇ. ಈ ಅವಧಿಯ ನಿಜವಾದ ಗಳಿಕೆ ಇದು. ಕೊಟ್ಟ ಮಾತೊಂದು, ತಡವಾಗಿಯಾದರೂ, ನಡೆದಿದೆ.

ಕಾರ್ಡಿನ ಹಿಂದಿರುವ ಮನುಷ್ಯನ ಪಾಲಿಗೆ ಮಾತ್ರ ಇಷ್ಟು ನಡೆಯಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಸಾರಿದ ಪ್ರಕರಣದ ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಹೋಟೆಲ್‌ಗಳಿಗೆ, ಚಿತ್ರಮಂದಿರಗಳಿಗೆ ಆಧಾರ್ ಪ್ರತಿ ಕೊಡಬೇಡಿ ಎಂದು ಎಚ್ಚರಿಸಿತು. ಎರಡೇ ದಿನಕ್ಕೆ ಆ ಪ್ರಕಟಣೆ ಹಿಂದಕ್ಕೆ ಹೋಯಿತು. ಬಂಡೀಪುರದ ರಾತ್ರಿ ಸಂಚಾರ ನಿಷೇಧದಿಂದ ಗುಂಡ್ಲುಪೇಟೆಯಲ್ಲೇ ಉಳಿಯುವವರು ಯಾವ ದಿನದ ಮಾತು ನಂಬಬೇಕಿತ್ತೋ! 2025ರ ಆರಂಭದಲ್ಲಿ ಮೈಕ್ರೊಫೈನಾನ್ಸ್ ವಸೂಲಿಯ ಕಾಟಕ್ಕೆ ಇದೇ ಜಿಲ್ಲೆಯ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಜಡಿದು ಹೋದವು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಕಿರುಕುಳವನ್ನು ತಡೆಯಹೊರಟಿತು. ಸಾಲಕ್ಕೆಂದು ಕೊಟ್ಟ ವಿಳಾಸ, ಫೋನ್ ನಂಬರು, ಗುರುತಿನ ಚೀಟಿ ಮುಂದೆ ಯಾರ್‍ಯಾರ ಕೈ ಸೇರುತ್ತವೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮುನ್ನೆಲೆಗೆ ಬರಲೇ ಇಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಆಯಿತು. 2024ರ ಅಕ್ಟೋಬರ್‌ನಲ್ಲಿ ಪುಟ್ಟಸ್ವಾಮಿ ತೀರಿಕೊಂಡರು. ನಿಯಮಗಳು ಹೊರಬಿದ್ದದ್ದು ಅದರ ಮರುವರ್ಷ ನವೆಂಬರ್‌ನಲ್ಲಿ, ಅದೂ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶದೊಡನೆ. ಕಾಯ್ದೆ ಅನ್ವಯವಾಗುವುದು ಡಿಜಿಟಲ್ ರೂಪದ ಮಾಹಿತಿಗೆ ಮಾತ್ರ. ಲಾಡ್ಜಿನ ಮೇಜಿನ ಖಾನೆಯಲ್ಲಿ ಪೇರಿಸಿದ ಜೆರಾಕ್ಸು ಸ್ಕ್ಯಾನ್ ಆಗುವವರೆಗೆ ಅದರ ಲೆಕ್ಕಕ್ಕಿಲ್ಲ. ಕಂಪನಿಯ ಅಲಕ್ಷ್ಯದಿಂದ ಸೂಕ್ಷ್ಮ ಮಾಹಿತಿ ಸೋರಿ ನಷ್ಟವಾದರೆ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಇತ್ತು, ಹೊಸ ಕಾಯ್ದೆ ಅದನ್ನೇ ತೆಗೆದುಹಾಕುತ್ತದೆ. ದಂಡವೇನೋ 250 ಕೋಟಿ ರೂಪಾಯಿವರೆಗೂ ಇದೆ. ಆ ಹಣ ಸೇರುವುದು ಮಾಹಿತಿ ಕಳೆದುಕೊಂಡವರಿಗಲ್ಲ, ಭಾರತದ ಸಂಚಿತ ನಿಧಿಗೆ.